ಮೆಜೆಸ್ಟಿಕ್ ಮುಟ್ಟದೆ ಊರು ದಾಟುವ ದಾರಿ

(ಬೆಂಗಳೂರಿನಲ್ಲಿ ನಡೆದ ಸಮುದಾಯ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಮತ್ತು ಉದ್ಯೋಗದ ಕುರಿತಾದ ಈ ಗೋಷ್ಠಿಯಲ್ಲಿ ಬಸ್ಸಿನ ಬಗ್ಗೆ ಮಾತನಾಡುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಮೀಸಲಾತಿ, ವಿದ್ಯಾರ್ಥಿವೇತನ, ಕಾಲೇಜುಗಳ ಸ್ಥಾಪನೆ, ಇವು ನಮ್ಮ ವೇದಿಕೆಗಳ ಪರಿಚಿತ ವಿಷಯಗಳು. ಅವುಗಳ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೀಟು ಸಿಕ್ಕಿದ ಹುಡುಗಿ ಪ್ರತಿದಿನ ಆ ಕಾಲೇಜನ್ನು ತಲುಪುವುದು ಹೇಗೆ, ಕತ್ತಲಾಗುವ ಮುನ್ನ ಮನೆಗೆ ಮರಳುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆ? ಎರಡು ಬಸ್ಸು ಬದಲಿಸಬೇಕು ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಕಾಲೇಜನ್ನು ಬಿಟ್ಟು, ಮನೆಯ ಪಕ್ಕದಲ್ಲಿ ಸಿಕ್ಕಿದ್ದನ್ನು ಓದಿದ ಅಥವಾ ಓದನ್ನೇ ನಿಲ್ಲಿಸಿದ ಹೆಣ್ಣುಮಕ್ಕಳು ನಮ್ಮ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಇದನ್ನು ನಾವು ಪೋಷಕರ ಸಂಕುಚಿತ ಮನೋಭಾವ ಎಂದು ಟೀಕಿಸಿ ಸುಮ್ಮನಾಗುತ್ತೇವೆ. ಮನೋಭಾವದ ಪಾಲೂ ಇದೆ ನಿಜ. ಆದರೆ ಮಗಳು ಸಂಜೆ ಆರೂವರೆಗೆ ಮೆಜೆಸ್ಟಿಕ್‌ನ ಜನಜಂಗುಳಿಯಲ್ಲಿ ಮುಕ್ಕಾಲು ಗಂಟೆ ನಿಂತಿರುತ್ತಾಳೆ ಎಂದು ಹೆದರುವ ತಂದೆಗೆ ಬರಿಯ ಉಪದೇಶ ಮಾಡಿ ಏನು ಪ್ರಯೋಜನ? ಆ ಮುಕ್ಕಾಲು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಲು ಸಾಧ್ಯವೇ ಎಂದು ನೋಡುವುದು ಹೆಚ್ಚು ಪ್ರಾಮಾಣಿಕವಾದ ಕೆಲಸ.

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಆ ವರದಿಯಿಂದ ನಾವು ಉದ್ಯೋಗದ ಅಂಕಿಅಂಶಗಳನ್ನು ಬಾಯಿಪಾಠ ಮಾಡಿದ್ದೇವೆ, ಸರಕಾರಿ ನೌಕರಿಯ ಶೇಕಡಾವಾರನ್ನು ಭಾಷಣಗಳಲ್ಲಿ ಉಲ್ಲೇಖಿಸಿದ್ದೇವೆ. ಅದೇ ವರದಿಯಲ್ಲಿ ಮೂಲಸೌಕರ್ಯದ ಬಗೆಗೂ ಒಂದು ಅಧ್ಯಾಯವಿದೆ. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಿಗೆ ಪಕ್ಕಾ ರಸ್ತೆಯ ಮತ್ತು ಬಸ್ ನಿಲ್ದಾಣದ ಸೌಲಭ್ಯ ಸರಿಯಾಗಿ ದೊರೆತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಅದನ್ನು ಹಿಡಿದು ಯಾರಾದರೂ ಮೆರವಣಿಗೆ ಮಾಡಿದ್ದು ನನಗೆ ನೆನಪಿಲ್ಲ.

ಬೆಂಗಳೂರಿನ ಬಸ್ಸು ಮಾರ್ಗಗಳ ನಕ್ಷೆಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಅದು ಬೈಸಿಕಲ್ಲಿನ ಚಕ್ರದಂತಿದೆ. ನಡುವೆ ಗುಂಬ, ಸುತ್ತಲೂ ಕಡ್ಡಿಗಳು. ಆ ಗುಂಬವೇ ಮೆಜೆಸ್ಟಿಕ್. ಅಕ್ಕಪಕ್ಕದಲ್ಲಿ ಮಾರುಕಟ್ಟೆ ಮತ್ತು ಶಿವಾಜಿನಗರ ಎಂಬ ಎರಡು ಸಣ್ಣ ಗುಂಬಗಳು. ಇದು ಯಾರದೋ ಪಿತೂರಿಯಲ್ಲ. ಪೇಟೆ ಮತ್ತು ದಂಡು ಎಂಬ ಎರಡು ಊರುಗಳಾಗಿದ್ದ ಬೆಂಗಳೂರಿನಲ್ಲಿ ಜನರು ಹೋಗಬೇಕಾಗಿದ್ದುದು ಪೇಟೆಗೆ, ಕಚೇರಿಗೆ, ರೈಲು ನಿಲ್ದಾಣಕ್ಕೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣಕ್ಕೆ ಎಲ್ಲ ಬಸ್ಸುಗಳೂ ಬರುವುದು ಆ ಕಾಲಕ್ಕೆ ಸಹಜವೇ ಆಗಿತ್ತು. ಆದರೆ ಊರು ಬದಲಾಯಿತು. ಪೀಣ್ಯದಲ್ಲಿ ಕಾರ್ಖಾನೆಗಳು, ಬೊಮ್ಮನಹಳ್ಳಿಯಲ್ಲಿ ಮತ್ತು ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಘಟಕಗಳು, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪೆನಿಗಳು ಬಂದವು. 2007ರಲ್ಲಿ 7 ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರಲ್ಲಿ ಅದೇ ಪಾಲಿಕೆಯನ್ನು ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳನ್ನು ಮಾಡಲಾಯಿತು. ಆಡಳಿತದ ಗಡಿಗಳನ್ನು ಇಷ್ಟು ಸಲೀಸಾಗಿ ಕೂಡಿಸಿ ಕಳೆಯುವ ನಮ್ಮ ಸರಕಾರಗಳು ಬಸ್ಸಿನ ಮಾರ್ಗಗಳ ಮೂಲ ಆಕಾರವನ್ನು ಮಾತ್ರ ಮುಟ್ಟಲು ಹಿಂಜರಿದಿವೆ.

ಇದರ ಪರಿಣಾಮವನ್ನು ಅನುಭವಿಸುವವರು ಯಾರು? ಗೋರಿಪಾಳ್ಯದ ಯುವಕನಿಗೆ ಪೀಣ್ಯದಲ್ಲಿ ಫಿಟ್ಟರ್ ಕೆಲಸ ಸಿಕ್ಕಿತೆಂದು ಇಟ್ಟುಕೊಳ್ಳಿ. ಗೋರಿಪಾಳ್ಯವಿರುವುದು ನಗರದ ಪಶ್ಚಿಮಕ್ಕೆ, ಪೀಣ್ಯವಿರುವುದು ವಾಯುವ್ಯಕ್ಕೆ. ಆದರೂ ಆತ ಮೊದಲು ಪೂರ್ವಕ್ಕೆ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಪುನಃ ಪಶ್ಚಿಮದತ್ತ ತಿರುಗುವುದು ರೂಢಿ. ಕಾರ್ಡ್ ರಸ್ತೆಯಲ್ಲಿ ಬಸ್ಸುಗಳೇ ಇಲ್ಲವೆಂದಲ್ಲ. ಮೈಸೂರು ರಸ್ತೆಯ ಬಸ್ಸಿನಿಂದ ಇಳಿದು ಅದನ್ನು ಹಿಡಿಯುವ ಜಾಗ ಯಾವುದು, ಅದು ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಭರವಸೆ ಆತನಿಗಿಲ್ಲ. ಮೆಜೆಸ್ಟಿಕ್‌ನಲ್ಲಿ ಯಾವುದಾದರೊಂದು ಬಸ್ಸು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇದೆ. ಸುತ್ತು ಬಳಸಿ ಹೋಗುವುದು ಮೂರ್ಖತನವಲ್ಲ, ಅದು ಬಡವನ ಲೆಕ್ಕಾಚಾರ. ದಕ್ಷಿಣದ ಗುರಪ್ಪನಪಾಳ್ಯದಿಂದ ಟ್ಯಾನರಿ ರಸ್ತೆಗೆ ಬರುವ, ಡಿ.ಜೆ. ಹಳ್ಳಿಯಿಂದ ವೈಟ್‌ಫೀಲ್ಡಿನ ಕಡೆಗೆ ಮನೆಗೆಲಸಕ್ಕೆ ಹೋಗುವ ಮಹಿಳೆಯರ ಲೆಕ್ಕಾಚಾರವೂ ಇಂಥದ್ದೇ.

ಪುರುಷನು ನಾಲ್ಕು ಕಾಸು ಕೂಡಿದ ಕೂಡಲೇ ಸಾಲ ಮಾಡಿಯಾದರೂ ದ್ವಿಚಕ್ರ ವಾಹನ ಕೊಳ್ಳುತ್ತಾನೆ. ಮನೆಯಲ್ಲಿ ಒಂದೇ ವಾಹನವಿದ್ದರೆ ಅದು ಅವನದೇ. ಮಹಿಳೆ ಬಸ್ಸಿನಲ್ಲೇ ಉಳಿಯುತ್ತಾಳೆ. ಅವಳ ಪ್ರಯಾಣವೂ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಎಂಬ ನೇರ ಗೆರೆಯಲ್ಲ. ದಾರಿಯಲ್ಲಿ ಮಗುವಿನ ಶಾಲೆ, ಅತ್ತೆಯ ಔಷಧಿ, ಪಡಿತರದ ಅಂಗಡಿ, ತವರು ಮನೆ ಎಲ್ಲವೂ ಬರುತ್ತವೆ. ಇಂತಹ ತುಂಡು ತುಂಡು ಪ್ರಯಾಣಕ್ಕೆ ಚಕ್ರದ ಆಕಾರದ ವ್ಯವಸ್ಥೆ ಅತ್ಯಂತ ಕ್ರೂರವಾದುದು.

ಹಾಗಾದರೆ ಪರಿಹಾರವೇನು? ನಮ್ಮ ರಾಜಕಾರಣಿಗಳಿಗೆ ಗೊತ್ತಿರುವ ಪರಿಹಾರ ಒಂದೇ: ‘ನಮ್ಮ ವಾರ್ಡಿಗೆ ನೇರ ಬಸ್ಸು’. ಶಾಸಕರು ಹಸಿರು ಬಾವುಟ ಬೀಸುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಆ ಬಸ್ಸು ದಿನಕ್ಕೆ ನಾಲ್ಕು ಟ್ರಿಪ್ಪು ಓಡುತ್ತದೆ, ಆರು ತಿಂಗಳ ನಂತರ ಯಾರಿಗೂ ತಿಳಿಯದಂತೆ ನಿಲ್ಲುತ್ತದೆ. ಈ ಬೇಡಿಕೆಯನ್ನು ಮುಂದಿಡುವುದರಲ್ಲಿ ನಮ್ಮ ಸಮುದಾಯದ ಮುಖಂಡರೂ ಹಿಂದೆ ಬಿದ್ದಿಲ್ಲ. ಆದರೆ ನೇರ ಬಸ್ಸಿನ ಈ ಮೋಹವೇ ರೋಗದ ಒಂದು ಭಾಗವಾಗಿದೆ. ಹೇಗೆಂದು ನೋಡೋಣ.

ಆರು ಬಡಾವಣೆಗಳ ಜನರು ಆರು ಬೇರೆ ಬೇರೆ ಕೆಲಸದ ಜಾಗಗಳಿಗೆ ಹೋಗಬೇಕಾಗಿದೆ ಎಂದು ಊಹಿಸಿ. ಎಲ್ಲರಿಗೂ ನೇರ ಬಸ್ಸು ಕೊಡಬೇಕಾದರೆ 36 ಮಾರ್ಗಗಳು ಬೇಕು. ಸಂಸ್ಥೆಯ ಬಳಿ 72 ಬಸ್ಸುಗಳಿದ್ದರೆ ಒಂದು ಮಾರ್ಗಕ್ಕೆ ಎರಡೇ ಬಸ್ಸು. ಹೋಗಿ ಬರಲು ಎರಡು ಗಂಟೆ ಬೇಕಾದರೆ ನಿಲ್ದಾಣಕ್ಕೆ ಬರುವುದು ಗಂಟೆಗೊಂದು ಬಸ್ಸು. ಅಂದರೆ ಸರಾಸರಿ ಅರ್ಧ ಗಂಟೆ ಕಾಯಬೇಕು, ಒಂದು ಬಸ್ಸು ಕೈತಪ್ಪಿದರೆ ಪೂರ್ತಿ ಗಂಟೆ. ಈಗ ಅದೇ 72 ಬಸ್ಸುಗಳನ್ನು ಚದುರಂಗದ ಮಣೆಯಂತೆ ಆರು ಅಡ್ಡ ಮತ್ತು ಆರು ಉದ್ದ, ಒಟ್ಟು 12 ಮಾರ್ಗಗಳಿಗೆ ಹಂಚಿ. ಮಾರ್ಗಕ್ಕೆ ಆರು ಬಸ್ಸು, ಇಪ್ಪತ್ತು ನಿಮಿಷಕ್ಕೊಂದು. ಒಮ್ಮೆ ಇಳಿದು ಬದಲಿಸಬೇಕು, ಆದರೆ ಎರಡು ಕಡೆಯ ಕಾಯುವಿಕೆ ಸೇರಿ ಸರಾಸರಿ ಇಪ್ಪತ್ತೇ ನಿಮಿಷ. ಒಂದು ಬಸ್ಸನ್ನೂ ಹೆಚ್ಚಿಸದೆ ಹತ್ತು ನಿಮಿಷ ಉಳಿಯಿತು. ಅದಕ್ಕಿಂತ ದೊಡ್ಡ ಲಾಭ ಬೇರೊಂದಿದೆ: ಆ 36 ಜೋಡಿಗಳಲ್ಲದ ಬೇರೆ ಯಾವ ಮೂಲೆಯಿಂದ ಯಾವ ಮೂಲೆಗೆ ಬೇಕಾದರೂ ಈಗ ಹೋಗಬಹುದು. ನಿಜವಾದ ನಗರ ಚದುರಂಗದ ಮಣೆಯಷ್ಟು ನೇರವಾಗಿರುವುದಿಲ್ಲ, ಬೆಂಗಳೂರಂತೂ ಇಲ್ಲವೇ ಇಲ್ಲ. ಆದರೆ ತತ್ವ ಇದೇ.

ಬೇರೆ ದೇಶಗಳ ದೊಡ್ಡ ನಗರಗಳು ಇದನ್ನು ಮಾಡಿ ತೋರಿಸಿವೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಖಾಸಗಿ ಬಸ್ ಕಂಪೆನಿಗಳು ತಮಗೆ ಲಾಭವಿರುವ ಮಾರ್ಗಗಳಿಗೆ ಮುಗಿಬೀಳುತ್ತಿದ್ದವು. 2004ರ ಜುಲೈ 1ರಂದು ನಗರಾಡಳಿತವು ಮಾರ್ಗಗಳನ್ನು ನಿರ್ಧರಿಸುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು ಇಡೀ ಜಾಲವನ್ನು ಹೊಸದಾಗಿ ರಚಿಸಿತು. ದೂರದ ಬಸ್ಸಿಗೆ ಒಂದು ಬಣ್ಣ, ಬಡಾವಣೆಯ ಬಸ್ಸಿಗೆ ಇನ್ನೊಂದು ಬಣ್ಣ. ಒಂದೇ ಕಾರ್ಡಿನಲ್ಲಿ ಬಸ್ಸು ಮತ್ತು ಮೆಟ್ರೋ ಎರಡರ ಪ್ರಯಾಣ, ಎಷ್ಟು ಬಾರಿ ಹತ್ತಿ ಇಳಿದರು ಎಂಬುದಕ್ಕಲ್ಲ, ಎಷ್ಟು ದೂರ ಸಾಗಿದರು ಎಂಬುದಕ್ಕೆ ದರ. ಮೊದಲ ದಿನಗಳಲ್ಲಿ ಭಾರೀ ಗೊಂದಲವಾಯಿತು, ಮೇಯರ್ ಲೀ ಮ್ಯುಂಗ್ ಬಾಕ್ ಜನರ ಕ್ಷಮೆ ಕೇಳಬೇಕಾಯಿತು. ಆದರೆ ವ್ಯವಸ್ಥೆ ನಿಂತಿತು, ಮುಂದೆ ಅದೇ ಮೇಯರ್ ದೇಶದ ಅಧ್ಯಕ್ಷರೂ ಆದರು. ಸ್ಪೇನಿನ ಬಾರ್ಸಿಲೋನಾ 2012ರಿಂದ 2018ರವರೆಗೆ ಹಂತ ಹಂತವಾಗಿ 28 ಮಾರ್ಗಗಳ ಜಾಲವನ್ನು ಹೆಣೆಯಿತು: 8 ಅಡ್ಡ, 17 ಉದ್ದ, 3 ಓರೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಹೆಚ್ಚಾಗಿ ನಗರಕೇಂದ್ರಕ್ಕೆ ಹೋಗುತ್ತಿದ್ದ ಮಾರ್ಗಗಳನ್ನು 2015ರ ಆಗಸ್ಟ್ 16ರಂದು ಒಂದೇ ದಿನದಲ್ಲಿ ಬದಲಾಯಿಸಲಾಯಿತು. ಅಲ್ಲಿ ವಿಶೇಷವಾಗಿ ವಾರಾಂತ್ಯದ ಪ್ರಯಾಣಿಕರು ಹೆಚ್ಚಿದರು. ಶನಿವಾರ, ಭಾನುವಾರ ದುಡಿಯುವವರು ಕಚೇರಿಯ ಬಾಬುಗಳಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯಿದೆ. ಮಾರ್ಗಗಳನ್ನು ನೇರಗೊಳಿಸುವಾಗ ಕೆಲವರ ಮನೆ ಬಾಗಿಲಿನ ಬಸ್ಸು ತಪ್ಪುತ್ತದೆ. ಹತ್ತು ಮಂದಿಗೆ ಅನುಕೂಲವಾಗಲು ಒಬ್ಬ ವೃದ್ಧೆ ಅರ್ಧ ಕಿಲೋಮೀಟರು ಹೆಚ್ಚು ನಡೆಯಬೇಕಾಗುತ್ತದೆ. ಹ್ಯೂಸ್ಟನ್‌ನಲ್ಲೂ ಈ ವಿವಾದ ಎದ್ದಿತ್ತು. ನಕ್ಷೆ ಬರೆಯುವ ತಜ್ಞರು ಸಾಮಾನ್ಯವಾಗಿ ಆ ವೃದ್ಧೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮೊಹಲ್ಲಾಗಳ ಗಲ್ಲಿಗಳಾದರೋ ದೊಡ್ಡ ಬಸ್ಸು ನುಗ್ಗಲಾಗದಷ್ಟು ಕಿರಿದು. ಅಲ್ಲಿನ ಮುಖ್ಯ ರಸ್ತೆಯಲ್ಲೂ ವ್ಯಾಪಾರ, ಹಣ್ಣಿನ ಗಾಡಿ, ಆಟೋಗಳದ್ದೇ ರಾಜ್ಯ. ಬಸ್ಸು ನುಸುಳಲಾಗದಂತೆ ರಸ್ತೆಯನ್ನು ಅತಿಕ್ರಮಿಸಿ, ಬಸ್ಸು ಬರುವುದಿಲ್ಲವೆಂದು ದೂರುವ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕಾಗುತ್ತದೆ. ಇಂತಹ ಕಡೆ ಸಣ್ಣ ಬಸ್ಸುಗಳು ಗಲ್ಲಿಯಿಂದ ಮುಖ್ಯ ಮಾರ್ಗಕ್ಕೆ ಜನರನ್ನು ತಂದು ಸೇರಿಸುವ ಏರ್ಪಾಡಿಲ್ಲದೆ ಜಾಲದ ಮಾತೆತ್ತುವುದು ಅನ್ಯಾಯವಾಗುತ್ತದೆ.

ಬಸ್ಸು ಬದಲಿಸುವುದು ಶಿಕ್ಷೆಯಾಗದಿರಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಎರಡನೆಯ ಬಸ್ಸು ಬೇಗ ಬರಬೇಕು. ಅದಕ್ಕೆ ಹೊಸದಾಗಿ ದುಡ್ಡು ತೆರುವಂತಾಗಬಾರದು. ಬದಲಿಸುವ ಜಾಗದಲ್ಲಿ ಬೆಳಕು, ನೆರಳು, ಶೌಚಾಲಯ ಮತ್ತು ಮಾನವಂತರು ನಿಲ್ಲಬಹುದಾದ ವಾತಾವರಣ ಇರಬೇಕು. ಬೆಂಗಳೂರಿನಲ್ಲಿ ಹಿಂದೆ ನಡೆದ ಪ್ರಯತ್ನಗಳು ಎಡವಿದ್ದು ಇಲ್ಲಿಯೇ. ಹಿಂದೆ ಮುಖ್ಯ ರಸ್ತೆಗಳಲ್ಲಿ ‘ಬಿಗ್ 10’ ಎಂಬ ಹೆಸರಿನಲ್ಲಿ ಜಿ ಅಕ್ಷರದ ಬಸ್ಸುಗಳನ್ನು ಓಡಿಸಲಾಯಿತು. 2013ರಲ್ಲಿ ಹೊಸೂರು ರಸ್ತೆಯಲ್ಲಿ ಮುಖ್ಯ ಮಾರ್ಗ ಮತ್ತು ಅದಕ್ಕೆ ಜನರನ್ನು ತಂದು ಸೇರಿಸುವ ಉಪಮಾರ್ಗಗಳ ಪ್ರಯೋಗವೂ ನಡೆಯಿತು. ಜೆನರ್ಮ್ ಯೋಜನೆಯ ಕಾಲದಲ್ಲಿ ಜಯನಗರ, ಬನಶಂಕರಿ, ದೊಮ್ಮಲೂರು, ವಿಜಯನಗರ, ಯಶವಂತಪುರ ಮೊದಲಾದೆಡೆ ಟಿಟಿಎಂಸಿ ಎಂಬ ಭವ್ಯ ಕಟ್ಟಡಗಳು ಎದ್ದವು. ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಕೊಡುವ ಬಗ್ಗೆ ತೋರಿದ ಆಸಕ್ತಿಯನ್ನು ಒಂದು ಬಸ್ಸಿನಿಂದ ಇನ್ನೊಂದು ಬಸ್ಸಿಗೆ ಹೋಗುವ ಮನುಷ್ಯನ ಬಗ್ಗೆ ತೋರಿದ್ದರೆ ಆ ಕಟ್ಟಡಗಳು ಸಾರ್ಥಕವಾಗುತ್ತಿದ್ದವು.

ಒಂದು ಪ್ರಯತ್ನ ಮಾತ್ರ ನಿರ್ವಿವಾದವಾಗಿ ಗೆದ್ದಿತು. ಅದು ಹೊರ ವರ್ತುಲ ರಸ್ತೆಯ 500 ಸರಣಿಯ ಬಸ್ಸುಗಳು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ಮೆಜೆಸ್ಟಿಕ್‌ನ ಮುಖವನ್ನೇ ನೋಡುವುದಿಲ್ಲ, ಆದರೂ ಅದು ಖಾಲಿ ಓಡಿದ್ದನ್ನು ಕಂಡವರು ಅಪರೂಪ. ಅಡ್ಡ ಮಾರ್ಗಕ್ಕೆ ಜನರಿಲ್ಲ ಎಂಬ ಅಧಿಕಾರಿಗಳ ಹಳೆಯ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ಆ ರಸ್ತೆಯಲ್ಲಿ ದೊಡ್ಡ ಕಂಪೆನಿಗಳಿದ್ದುದರಿಂದ ಆ ಮಾರ್ಗಕ್ಕೆ ಗಮನ ದೊರೆಯಿತು ಎಂದು ನನ್ನ ಅನಿಸಿಕೆ. ಪೀಣ್ಯದ ಫಿಟ್ಟರನಿಗೂ ಬೊಮ್ಮನಹಳ್ಳಿಯ ಹೊಲಿಗೆಯವಳಿಗೂ ಅಂತಹ ವಕೀಲರಿಲ್ಲ. ಟ್ಯಾನರಿ ರಸ್ತೆಯಿಂದ ಉತ್ತರಕ್ಕೆ ಹೋದರೆ ನಾಗವಾರದಲ್ಲಿ ಇದೇ ವರ್ತುಲ ರಸ್ತೆ ಸಿಗುತ್ತದೆ. ನಾಗವಾರದ ಆ ಕೂಡುರಸ್ತೆ ಒಂದು ಒಳ್ಳೆಯ ಬದಲಾವಣೆಯ ಕೇಂದ್ರವಾದರೆ ಕೆ.ಜಿ. ಹಳ್ಳಿ, ಡಿ.ಜೆ. ಹಳ್ಳಿ, ಗೋವಿಂದಪುರದ ಸಾವಿರಾರು ಜನರಿಗೆ ಹೆಬ್ಬಾಳ, ಮಾರತಹಳ್ಳಿ, ಸಿಲ್ಕ್ ಬೋರ್ಡುಗಳು ಶಿವಾಜಿನಗರವನ್ನು ಸುತ್ತದೆಯೇ ಸಿಗುತ್ತವೆ.

ಮೆಟ್ರೋ ಇರುವಾಗ ಬಸ್ಸೇಕೆ ಎಂದು ಕೇಳುವವರಿದ್ದಾರೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಮಾರ್ಗದ ಸುರಂಗವು ಟ್ಯಾನರಿ ರಸ್ತೆಯ ಅಡಿಯಲ್ಲೇ ಹಾದುಹೋಗುತ್ತದೆ, ಕೊರೆಯುವ ಕೆಲಸ 2024ರಲ್ಲಿ ಮುಗಿಯಿತು. ಅದು ಸ್ವಾಗತಾರ್ಹ. ಆದರೆ ಮೆಟ್ರೋ ಒಂದು ಗೆರೆ ಮಾತ್ರ, ಅದೂ ಉತ್ತರ ದಕ್ಷಿಣದ ಗೆರೆ. ಪ್ರತಿ ನಿಲ್ದಾಣದಲ್ಲಿ ಅದನ್ನು ಅಡ್ಡಲಾಗಿ ಕತ್ತರಿಸುವ ಬಸ್ಸುಗಳಿಲ್ಲದಿದ್ದರೆ ಆ ಗೆರೆಯ ಇಕ್ಕೆಲದಲ್ಲಿ ಕಾಲ್ನಡಿಗೆಯ ದೂರದಲ್ಲಿರುವವರಿಗಷ್ಟೇ ಅದು ದಕ್ಕುತ್ತದೆ. ಬಸ್ಸು ಮತ್ತು ಮೆಟ್ರೋವನ್ನು ಒಂದೇ ಯೋಜನೆಯಡಿ ತರಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ 2022ರ ಡಿಸೆಂಬರ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ನೀಡಿತು. ಕಾಯ್ದೆ ಮಾಡುವುದು ನಮ್ಮ ಸರಕಾರಗಳಿಗೆ ಸುಲಭ. ಬಸ್ಸಿನ ಮಾರ್ಗ ಬದಲಿಸುವುದು ಕಷ್ಟ.

ಇನ್ನು ಶಕ್ತಿ ಯೋಜನೆಯ ವಿಷಯ. 2023ರ ಜೂನ್ 11ರಂದು ಈ ಯೋಜನೆ ಜಾರಿಗೆ ಬಂದಾಗ ಅದನ್ನು ಬಿಟ್ಟಿ ಭಾಗ್ಯವೆಂದು ಹೀಗಳೆದವರಿದ್ದರು, ಹೆಂಗಸರು ಸುಮ್ಮನೆ ತಿರುಗಾಡುತ್ತಾರೆಂದು ನಗೆಚಾಟಿಕೆ ಹಂಚಿದವರಿದ್ದರು. ಅವರಲ್ಲಿ ನಮ್ಮವರೂ ಇದ್ದರೆಂಬುದು ಖೇದಕರ. ಆದರೆ ಯಾರೂ ಹೆಚ್ಚು ಚರ್ಚಿಸದ ಒಂದು ಅಂಶವಿದೆ. ಹಿಂದೆ ಎರಡು ಬಸ್ಸು ಹತ್ತಿದರೆ ಎರಡು ಟಿಕೆಟು, ಪ್ರತಿ ಟಿಕೆಟಿನ ಮೊದಲ ಹಂತದ ದರವನ್ನು ಎರಡೆರಡು ಸಲ ತೆರಬೇಕು. ಇದೇ ಕಾರಣಕ್ಕೆ ಜನರು ಬಸ್ಸು ಬದಲಿಸಲು ಒಪ್ಪುತ್ತಿರಲಿಲ್ಲ. ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ, ಸಾಮಾನ್ಯ ಬಸ್ಸುಗಳಲ್ಲಿ, ಆ ದಂಡವನ್ನು ಒಂದೇ ಏಟಿಗೆ ಅಳಿಸಿಹಾಕಿತು. ಅಂದರೆ ಜಾಲಕ್ಕೆ ಬೇಕಾದ ಮೂರು ಷರತ್ತುಗಳಲ್ಲಿ ಒಂದು ಪ್ರಯಾಣಿಕರ ದೊಡ್ಡ ಭಾಗಕ್ಕೆ ಈಗಾಗಲೇ ಈಡೇರಿದೆ. ಉಳಿದದ್ದು ಬಸ್ಸಿನ ಸಂಖ್ಯಾಬಲ ಮತ್ತು ನಿಲ್ದಾಣದ ಸುರಕ್ಷತೆ. ದಿನಗೂಲಿಯ ಪುರುಷನಿಗೆ ಮಾತ್ರ ಇನ್ನೂ ಎರಡು ಟಿಕೆಟು ತಪ್ಪಿಲ್ಲ; ದಿನದ ಪಾಸು ಇದೆಯಾದರೂ ಬೆಳಿಗ್ಗೆಯೇ ಅಷ್ಟು ಹಣ ಒಟ್ಟಿಗೆ ಕೊಡುವುದು ಅವನಿಗೆ ಸುಲಭವಲ್ಲ. ಎರಡು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಟಿಕೆಟು ಎಂಬ ನಿಯಮ ಬಂದರೆ ಅವನಿಗೂ ನ್ಯಾಯ ಸಿಗುತ್ತದೆ. ಆರು ಸಾವಿರಕ್ಕೂ ಮಿಕ್ಕಿ ಬಸ್ಸುಗಳನ್ನು ಓಡಿಸಿ ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಗಳನ್ನು ನಿಭಾಯಿಸುವ ಸಂಸ್ಥೆಗೆ ಇದು ಅಸಾಧ್ಯವಾದುದಲ್ಲ. ಅದರಿಂದಾಗುವ ಆದಾಯದ ಕೊರತೆಯನ್ನು ಸರಕಾರ ಭರಿಸಬೇಕು. ಮೇಲ್ಸೇತುವೆಗಳಿಗೆ ಕೋಟಿ ಕೋಟಿ ಸುರಿಯುವಾಗ ಕೇಳದ ಲಾಭ ನಷ್ಟದ ಲೆಕ್ಕವನ್ನು ಬಸ್ಸಿನ ವಿಷಯ ಬಂದಾಗ ಮಾತ್ರ ಕೇಳಲಾಗುತ್ತದೆ.

ಸಹೋದರರೇ, ಇದೆಲ್ಲ ಸರಕಾರದ ಕೆಲಸ, ದೀನಿನ ವೇದಿಕೆಯಲ್ಲೇಕೆ ಎಂದು ಯಾರಾದರೂ ಭಾವಿಸಿದರೆ ಅವರು ನಮ್ಮ ಇತಿಹಾಸವನ್ನು ಮರೆತಿದ್ದಾರೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನೂ ಪ್ರವಾದಿ ಮುಹಮ್ಮದ್(ಸ)ರು ಈಮಾನಿನ ಶಾಖೆಗಳಲ್ಲಿ ಒಂದೆಂದು ಕಲಿಸಿದರು. ದೂರದ ಇರಾಕಿನ ದಾರಿಯಲ್ಲಿ ಪ್ರಾಣಿಯೊಂದು ಎಡವಿದರೂ ಆ ದಾರಿಯನ್ನು ಏಕೆ ಸಮಗೊಳಿಸಲಿಲ್ಲವೆಂದು ತನ್ನನ್ನು ಪ್ರಶ್ನಿಸಲಾಗುವುದೆಂದು ಹ. ಉಮರ್(ರ) ಅಂಜುತ್ತಿದ್ದರೆಂಬ ವರದಿಯನ್ನು ನಾವೆಲ್ಲ ಕೇಳಿದ್ದೇವೆ. ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಕೂಫಾದಿಂದ ಮಕ್ಕಾದವರೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಮರುಭೂಮಿಯ ದಾರಿಯುದ್ದಕ್ಕೂ ಬಾವಿ, ಕೊಳ ಮತ್ತು ತಂಗುದಾಣಗಳನ್ನು ಕಟ್ಟಿಸಿದರು. ಆ ದಾರಿ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸಲ್ಪಡುತ್ತದೆ. ಪ್ರಯಾಣಿಕನು ಎಲ್ಲಿ ನಿಲ್ಲುತ್ತಾನೆ, ಅಲ್ಲಿ ಅವನಿಗೆ ನೀರು ನೆರಳು ಇದೆಯೇ ಎಂಬುದು ಆಕೆಗೆ ಧಾರ್ಮಿಕ ಪ್ರಶ್ನೆಯೇ ಆಗಿತ್ತು.

ಈ ಸಮಸ್ಯೆ ಬೆಂಗಳೂರಿಗೆ ಸೀಮಿತವೂ ಅಲ್ಲ. ಮಂಗಳೂರಿನ ಹೆಚ್ಚಿನ ಸಿಟಿ ಬಸ್ಸುಗಳು ಇಂದಿಗೂ ಸ್ಟೇಟ್‌ಬ್ಯಾಂಕಿನಲ್ಲಿಯೇ ಕೊನೆಗೊಳ್ಳುತ್ತವೆ. ಕೃಷ್ಣಾಪುರದ ಅಥವಾ ಕಾಟಿಪಳ್ಳದ ಹುಡುಗಿ ದೇರಳಕಟ್ಟೆಯಲ್ಲಿ ನರ್ಸಿಂಗ್ ಓದಬೇಕಾದರೆ ಹೆದ್ದಾರಿಯಲ್ಲಿ ಕೊಟ್ಟಾರ ಚೌಕಿ, ನಂತೂರು, ಪಂಪ್‌ವೆಲ್ ದಾಟಿ ತೊಕ್ಕೊಟ್ಟಿಗೆ ನೇರವಾಗಿ ಹೋಗುವ ಬದಲು ಹಂಪನಕಟ್ಟೆಯ ದಟ್ಟಣೆಯೊಳಗೆ ಹೊಕ್ಕು ಹೊರಬರಬೇಕಾಗುವುದೇ ಹೆಚ್ಚು. ಅಲ್ಲಿ ಖಾಸಗಿ ಬಸ್ಸುಗಳಿಗೆ ಪರವಾನಗಿ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಆದ್ದರಿಂದ ಮನವಿ ಸಲ್ಲಿಸಬೇಕಾದ ಬಾಗಿಲು ಬೇರೆ, ಬೇಡಿಕೆ ಒಂದೇ.

ಮನವಿ ಎಂದೆ. ಅದರ ಬಗ್ಗೆ ಹೇಳಿ ಮುಗಿಸುತ್ತೇನೆ. ‘ನಮ್ಮ ಪ್ರದೇಶಕ್ಕೆ ಹೆಚ್ಚು ಬಸ್ಸು ಬಿಡಿ’ ಎಂಬ ಒಂದು ಸಾಲಿನ ಕಾಗದಕ್ಕೆ ನೂರು ಸಹಿ ಹಾಕಿ ಕೊಟ್ಟರೆ ಅದು ಕಡತಕ್ಕೆ ಸೇರುತ್ತದೆ. ಅದರ ಬದಲು ಪ್ರತಿ ಮೊಹಲ್ಲಾದ ಯುವಕರು ಮತ್ತು ಯುವತಿಯರು ಒಂದು ವಾರ ಮನೆ ಮನೆಗೆ ಹೋಗಿ ನಾಲ್ಕು ವಿಷಯ ಕೇಳಿ ಬರಲಿ: ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಹೊರಡುತ್ತೀರಿ, ಎಲ್ಲಿ ಬಸ್ಸು ಬದಲಿಸುತ್ತೀರಿ, ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ. ಮಹಿಳೆಯರ ಉತ್ತರವನ್ನು ಮನೆಯ ಯಜಮಾನನಿಂದ ಪಡೆಯಬಾರದು, ಅವರಿಂದಲೇ ಪಡೆಯಬೇಕು. ನಮ್ಮ ಮನೆಗಳಿಗೆ ಮಾತ್ರ ಹೋದರೆ ಸಾಲದು. ಅದೇ ಬೀದಿಯ ದಲಿತ, ಕ್ರೈಸ್ತ, ಹಿಂದೂ ಮನೆಗಳ ಬಾಗಿಲನ್ನೂ ತಟ್ಟಬೇಕು, ಏಕೆಂದರೆ ಒಂದೇ ಬಸ್ಸಿಗೆ ಕಾಯುವವರು ನಾವೆಲ್ಲರೂ. ಮಸೀದಿ ಕಮಿಟಿಯ ಕಚೇರಿಯ ಮೇಜೊಂದು ಸಂಜೆ ಈ ಕೆಲಸಕ್ಕೆ ಸಿಕ್ಕರೆ ಸಾಕು. ಹೀಗೆ ಕಲೆಹಾಕಿದ ಪಟ್ಟಿಯನ್ನು ನಕ್ಷೆಯ ಮೇಲೆ ಗುರುತಿಸಿ, ಯಾವ ಎರಡು ರಸ್ತೆಗಳು ಕೂಡುವಲ್ಲಿ ನಿಲ್ದಾಣಗಳು ಹತ್ತಿರ ಬರಬೇಕು, ಯಾವ ಅಡ್ಡ ರಸ್ತೆಯಲ್ಲಿ ಹದಿನೈದು ನಿಮಿಷಕ್ಕೊಂದು ಬಸ್ಸು ಬೇಕು ಎಂದು ಬರೆದುಕೊಟ್ಟರೆ ಡಿಪೋ ವ್ಯವಸ್ಥಾಪಕರಾದರೂ ಅದನ್ನು ಓದಿಯೇ ಓದುತ್ತಾರೆ. ಟ್ಯಾನರಿ ರಸ್ತೆಯಿಂದಲೋ ಗೋರಿಪಾಳ್ಯದಿಂದಲೋ ಇದನ್ನು ಆರಂಭಿಸಬಹುದು. ಹೆಸರು ಕೊಡಬಯಸುವವರು ಸಭೆ ಮುಗಿದ ನಂತರ ಬಾಗಿಲ ಬಳಿಯ ಮೇಜಿನಲ್ಲಿ ಕೊಡಿ. ಪ್ರಶ್ನಾವಳಿಯ ಪ್ರತಿಗಳು ಕನ್ನಡ ಮತ್ತು ಉರ್ದು ಎರಡರಲ್ಲೂ ಅಲ್ಲಿವೆ.